ಶೂಟ್ ಮಾಡಿ ಅರ್ಧಕ್ಕೆ ಬಿಟ್ಟ ವಿಡಿಯೋಗಳು: ಯಾವುದನ್ನ ಮುಗಿಸೋದು, ಯಾವುದನ್ನ ಬಿಡೋದು?

ಅರೆಬರೆರೀಲು

ಎಲ್ಲರಿಗೂ ನಮಸ್ಕಾರ. ಡಿಗ್ರಿ ಕೊನೆಯ ವರ್ಷದಲ್ಲಿದ್ದೇನೆ. ಓದುತ್ತಿರುವುದು ಸಿನಿಮಾ ಅಲ್ಲ, ಕ್ಯಾಮೆರಾ ಹುಚ್ಚು ಅಷ್ಟೇ. ಹಾರ್ಡ್ ಡಿಸ್ಕ್ ತುಂಬಾ ಅರ್ಧಕ್ಕೆ ನಿಂತ ವಿಡಿಯೋಗಳಿವೆ. ಮುಗಿದದ್ದು ಅಂತ ತೋರಿಸಲು ಒಂದೂ ಇಲ್ಲ. ಈಗ ಹೊಸ ಕಥೆಯೊಂದು ತಲೆಗೆ ಹೊಕ್ಕಿದೆ. ಗೆಳೆಯರನ್ನು ಕರೆದರೆ "ಹೋದ ಸಲದ್ದು ಎಲ್ಲಿ? ಮೊದಲು ಅದನ್ನ ತೋರಿಸು" ಅಂತಾರೆ.

ಯಾವುದು ಎಲ್ಲಿ ನಿಂತಿದೆ ಅಂತ ಹೇಳುತ್ತೇನೆ.

ಬಾಗಿಲು: ಅಕ್ಕ ತಂಗಿ ಇಬ್ಬರ ಕಥೆ. ಮನೆಯಲ್ಲಿ ಒಂದು ಕೋಣೆ ಸದಾ ಮುಚ್ಚಿರುತ್ತದೆ. ಕೊನೆಯಲ್ಲಿ ತಂಗಿ ಅದನ್ನು ತೆರೆಯಬೇಕು, ಆ ದೃಶ್ಯ ಒಂದು ಬಾಕಿ. ತಂಗಿ ಪಾತ್ರ ಮಾಡಿದವಳು ಓದಲು ಬೇರೆ ಊರಿಗೆ ಹೋದಳು. ಉದ್ದ ಜಡೆ ಇದ್ದವಳು ಈಗ ಕೂದಲು ಗಿಡ್ಡ ಮಾಡಿಸಿಕೊಂಡಿದ್ದಾಳೆ.

ರಾತ್ರಿ ಪಾಳಿ: ವಾಚ್‌ಮನ್ ಒಬ್ಬರ ಮೇಲೆ ಡಾಕ್ಯುಮೆಂಟರಿ. ಅವರು ಮಾತಾಡುತ್ತಾ ಹೋದರು, ನಾನು ರೆಕಾರ್ಡ್ ಮಾಡುತ್ತಾ ಹೋದೆ. ಗಂಟೆಗಟ್ಟಲೆ ಇದೆ. ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಾಗುತ್ತಿಲ್ಲ.

ಕೊನೆಯ ಕರೆ: ಒಬ್ಬನೇ ನಟ, ಒಂದೇ ಕೋಣೆ, ಒಂದು ಫೋನ್ ಸಂಭಾಷಣೆ. ಚಿತ್ರ ಚೆನ್ನಾಗಿ ಬಂದಿದೆ. ಸದ್ದಿನ ತುಂಬಾ ಫ್ಯಾನಿನ ಗುಂಯ್.

ಇನ್ನೊಂದು ಚೇಸ್ ಸೀನ್. ಹೆಸರಿಟ್ಟಿಲ್ಲ. ಎರಡು ಫೋನ್, ಒಂದು ಕ್ಯಾಮೆರಾದಲ್ಲಿ ತೆಗೆದದ್ದು. ಜೋಡಿಸಿದರೆ ಜರ್ಕ್ ಹೊಡೆಯುತ್ತೆ, ಮಾತಿಗೂ ತುಟಿಗೂ ತಾಳ ಇಲ್ಲ.

ಇವನ್ನೆಲ್ಲ ಮುಗಿಸಿಯೇ ಹೊಸದಕ್ಕೆ ಕೈ ಹಾಕಬೇಕಾ? ಅಥವಾ ಗಂಟು ಕಟ್ಟಿ ಇಟ್ಟುಬಿಡಲಾ?

ನೇರಮಾತು

ಇಟ್ಟುಬಿಡಿ. ಸ್ಟೂಡೆಂಟ್ ವಿಡಿಯೋ ಅಂದರೆ ಕೈ ಪಳಗಿಸೋಕೆ ಮಾಡೋದು. ಶೂಟ್ ಮಾಡುವಾಗಲೇ ಕಲಿಯಬೇಕಾದ್ದು ಕಲಿತಾಯ್ತು. ಹಳೇದನ್ನ ಕೆದಕುತ್ತಾ ಕೂತರೆ ಹೊಸ ಕಥೆಯೂ ತಣ್ಣಗಾಗುತ್ತೆ.

ಕತ್ತರಿಅಕ್ಕ

ಅರ್ಧ ಒಪ್ಪುತ್ತೇನೆ. ಎಲ್ಲವನ್ನೂ ಮುಗಿಸಬೇಕು ಅಂತೇನಿಲ್ಲ. ಆದರೆ "ಶೂಟ್ ಮಾಡುವಾಗಲೇ ಕಲಿತಾಯ್ತು" ಅನ್ನೋದನ್ನ ಒಪ್ಪಲ್ಲ. ಯಾವ ಶಾಟ್ ತೆಗೆಯದೆ ಬಿಟ್ಟಿದ್ದೇವೆ ಅಂತ ಗೊತ್ತಾಗೋದೇ ಎಡಿಟ್ ಟೇಬಲ್ ಮುಂದೆ ಕೂತಾಗ. ಅಲ್ಲಿಗೆ ಬಾರದೆ ಹೊಸದಕ್ಕೆ ಹೋದರೆ ಅದೇ ಶಾಟ್ ಮತ್ತೆ ಬಿಟ್ಟುಹೋಗುತ್ತೆ.

ತಮ್ಮಾ, ಒಂದು ಪ್ರಶ್ನೆ. ಇವುಗಳಲ್ಲಿ ಯಾವುದನ್ನಾದರೂ ಮೊದಲಿಂದ ಕೊನೆವರೆಗೆ ಟೈಮ್‌ಲೈನ್ ಮೇಲೆ ಹಾಕಿ ನೋಡಿದ್ದೀಯಾ? ಇಷ್ಟವಾದ ಒಂದು ಸೀನ್ ತೆಗೆದುಕೊಂಡು ಅದಕ್ಕೇ ಕಲರ್, ಮ್ಯೂಸಿಕ್ ಎಲ್ಲ ಹಾಕಿ ಹೊಳಪು ಕೊಡೋದಲ್ಲ. ಇರೋದನ್ನೆಲ್ಲ ಸ್ಕ್ರಿಪ್ಟಿನ ಕ್ರಮದಲ್ಲಿ ಸಾಲಾಗಿ ಇಟ್ಟು ನೋಡೋದು.

ಅರೆಬರೆರೀಲು

ಇಲ್ಲ ಅಕ್ಕ. ಬಾಗಿಲು ಮೊದಲ ಎರಡು ನಿಮಿಷ ಮಾತ್ರ ಎಡಿಟ್ ಆಗಿದೆ. ಕಲರ್ ಕೂಡ ಮಾಡಿದ್ದೇನೆ. 🙂

ಕತ್ತರಿಅಕ್ಕ

ಅಂದುಕೊಂಡೆ. ಹೊಸ ಟೈಮ್‌ಲೈನ್ ತೆಗಿ. ಪ್ರತಿ ಶಾಟಿನದು ಒಂದೇ ಟೇಕ್ ಇಡು, ಯಾವುದು ಉತ್ತಮ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ತೆಗೆಯದ ಶಾಟ್ ಬಂದಲ್ಲಿ ಕಪ್ಪು ತೆರೆ ಹಾಕಿ ಮೇಲೆ ಬರಿ: "ಇಲ್ಲಿ ತಂಗಿ ಚಿಲಕ ತೆಗೆಯುತ್ತಾಳೆ." ಮ್ಯೂಸಿಕ್ ಬೇಡ, ಕಲರ್ ಬೇಡ. ಆಮೇಲೆ ಕೀಬೋರ್ಡಿನಿಂದ ಕೈ ತೆಗೆದು, ನಡುವೆ ಎಲ್ಲೂ ನಿಲ್ಲಿಸದೆ ನೋಡು. ಕೈಯಲ್ಲಿ ಪೆನ್ನು ಇರಲಿ. ಬೇಸರ ಬಂದಲ್ಲಿ ಟೈಮ್‌ಕೋಡ್ (ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡ್ ಅಂತ) ಗುರುತು ಮಾಡಿಕೋ, ಅರ್ಥ ಆಗದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕು. ಅಷ್ಟೇ.

ನೀನು ಬರೆದ ಕಥೆಯೂ ನೀನು ಶೂಟ್ ಮಾಡಿದ ಕಥೆಯೂ ಬೇರೆ ಬೇರೆ ಇರಬಹುದು. ಕೈಯಲ್ಲಿರೋದು ಶೂಟ್ ಮಾಡಿದ್ದು. ಅದಕ್ಕೆ ಏನು ಬಾಕಿ ಅಂತ ನೋಡು, ಸ್ಕ್ರಿಪ್ಟಿಗೆ ಏನು ಬಾಕಿ ಅಂತ ಅಲ್ಲ.

ಹಳೇಸ್ಟಾಕ್

ಕಪ್ಪು ತೆರೆ ಮೇಲೆ ಬರೆಯೋದು ಬರೀ ತಾತ್ಕಾಲಿಕ ಉಪಾಯ ಅಂದುಕೊಳ್ಳಬೇಡಿ. ಫ್ರಾನ್ಸಿನ ಜ್ಯಾಂ ರೆನ್ವಾರ್ 1936ರಲ್ಲಿ ಒಂದು ಚಿತ್ರ ಶೂಟ್ ಮಾಡಿದರು, 'ಪಾರ್ಟಿ ದ ಕಂಪಾನ್ಯ್'. ಮಳೆ ಬಿಡಲಿಲ್ಲ, ಕೆಲಸ ಅರ್ಧಕ್ಕೆ ನಿಂತಿತು, ಅವರು ಬೇರೆ ಚಿತ್ರಕ್ಕೆ ಹೋದರು. ಆಮೇಲೆ ಯುದ್ಧ ಬಂತು, ಅವರು ಅಮೆರಿಕ ಸೇರಿದರು. ಎಡಿಟರ್ ಮಾರ್ಗರೀಟ್ ಇದ್ದಷ್ಟನ್ನೇ ಜೋಡಿಸಿ, ತೆಗೆಯದೆ ಉಳಿದ ಕಡೆ ಬರಹದ ಫಲಕ ಹಾಕಿದರು. 1946ರಲ್ಲಿ ಬಿಡುಗಡೆ ಆಯಿತು. ಸುಮಾರು 40 ನಿಮಿಷ ಇದೆ. ರೆನ್ವಾರ್ ಅವರ ಒಳ್ಳೆಯ ಚಿತ್ರಗಳ ಪಟ್ಟಿ ಮಾಡುವಾಗ ಜನ ಇದನ್ನ ಬಿಡೋದಿಲ್ಲ.

ನೇರಮಾತು

ದೊಡ್ಡವರ ಕಥೆ ಹೇಳಿ ಹುಡುಗನ ತಲೆ ತಿರುಗಿಸಬೇಡಿ ಸ್ವಾಮಿ. ಅಮೆರಿಕದ ನಿರ್ದೇಶಕ ಆರ್ಸನ್ ವೆಲ್ಸ್ ಕಥೆಯನ್ನೂ ಹೇಳಿ. 1970ರಲ್ಲಿ 'ದಿ ಅದರ್ ಸೈಡ್ ಆಫ್ ದಿ ವಿಂಡ್' ಶುರು ಮಾಡಿದರು, 1976ರವರೆಗೆ ಬಿಟ್ಟು ಬಿಟ್ಟು ಶೂಟ್ ಮಾಡಿದರು. 1985ರಲ್ಲಿ ತೀರಿಕೊಂಡರು. ಚಿತ್ರ ಹೊರಬಂದದ್ದು 2018ರಲ್ಲಿ, ಬೇರೆಯವರು ಎಡಿಟ್ ಮುಗಿಸಿದ ಮೇಲೆ.

ಹಳೇಸ್ಟಾಕ್

ಅದೂ ನಿಜವೇ. ಅವರ ನೆಗೆಟಿವ್ ಪ್ಯಾರಿಸ್ಸಿನಲ್ಲಿ ಸಿಕ್ಕಿಬಿದ್ದು, ಹಣ, ಹಕ್ಕು, ಕೋರ್ಟು ಅಂತ ವರ್ಷಗಳೇ ಹೋದವು. ಈ ಹುಡುಗನ ಚಿತ್ರ ಇರೋದು ಅವನದೇ ಮೇಜಿನ ಮೇಲೆ. ಕೋರ್ಟಿಗೆ ಹೋಗಬೇಕಾಗಿಲ್ಲ.

ಅರೆಬರೆರೀಲು

ಅಕ್ಕ ಹೇಳಿದ ಹಾಗೆ ಬಾಗಿಲು ಪೂರ್ತಿ ಜೋಡಿಸಿ ನೋಡಿದೆ. ವಿಚಿತ್ರ ಅಂದರೆ, ನಾನು ತುಂಬಾ ಇಷ್ಟಪಟ್ಟಿದ್ದ ಮೊದಲ ಎರಡು ನಿಮಿಷವೇ ಬೋರ್. ನಡುವೆ ಅಕ್ಕ ತಂಗಿ ಮಾತಾಡದೆ ಬಟ್ಟೆ ಮಡಚುವ ಸೀನ್ ಇದೆ, ಅದು ಚೆನ್ನಾಗಿದೆ. ಕೊನೆಗೆ ಬಂದರೆ ಕಪ್ಪು ತೆರೆ.

ಕೊನೆಯ ದೃಶ್ಯಕ್ಕೆ ಸ್ಕ್ರಿಪ್ಟಿನಲ್ಲಿ ಇದ್ದದ್ದು ಇಷ್ಟು. ತಂಗಿ ನಡೆದು ಬರುತ್ತಾಳೆ, ಚಿಲಕ ತೆಗೆಯುತ್ತಾಳೆ, ಒಳಗೆ ನೋಡುತ್ತಾಳೆ, ಅಳುತ್ತಾಳೆ. ಅಕ್ಕ ಹಿಂದಿನಿಂದ ಬಂದು ನಿಲ್ಲುತ್ತಾಳೆ. ನನ್ನ ಹತ್ತಿರ ಇರೋದು: ಅಕ್ಕ ಮಂಚದ ಮೇಲೆ ಕೂತು ಏನೋ ಕೇಳಿಸಿಕೊಂಡು ತಲೆ ಎತ್ತುವ ಕ್ಲೋಸಪ್ (ಬೇರೆ ಸೀನಿಗೆ ತೆಗೆದದ್ದು), ಮುಚ್ಚಿದ ಬಾಗಿಲಿನ ಉದ್ದನೆಯ ಶಾಟ್, ತಂಗಿ ಕಾರಿಡಾರಿನಲ್ಲಿ ನಡೆದು ಬರುವುದು. ಅಕ್ಕನ ಪಾತ್ರದವಳು ಇಲ್ಲೇ ಇದ್ದಾಳೆ, ಕರೆದರೆ ಬರುತ್ತಾಳೆ. ತಂಗಿಯನ್ನ ಕರೆಸೋಕೆ ಆಗಲ್ಲ.

ಕತ್ತರಿಅಕ್ಕ

ಅಯ್ಯೋ, ಇಷ್ಟು ಇಟ್ಟುಕೊಂಡು ನಿಂತಿದೆ ಅಂತೀಯಲ್ಲ!

ತಂಗಿಯ ಮುಖ ಬೇಕು ಅಂತ ಯಾರು ಹೇಳಿದರು? ಕೇಳು. ತಂಗಿ ಕಾರಿಡಾರಿನಲ್ಲಿ ಬರ್ತಾಳೆ, ಅದು ಇದೆ. ಕಟ್ ಮಾಡಿದರೆ ಅಕ್ಕ ಮಂಚದ ಮೇಲೆ. ಆ ಶಾಟಿನ ಮೇಲೆ ಚಿಲಕ ಸರಿಯುವ ಸದ್ದು ಹಾಕು. ಅಕ್ಕ ತಲೆ ಎತ್ತುತ್ತಾಳೆ. ಅದೂ ಇದೆ. ಅಲ್ಲೇ ನಿಲ್ಲಿಸಿ ಹಿಡಿ, ಬಾಗಿಲು ಕಿರ್ರ್ ಅನ್ನೋದು ಕೇಳಲಿ. ಆಮೇಲೆ ಸದ್ದೇ ಇಲ್ಲ. ತಂಗಿ ಒಳಗೆ ಏನು ನೋಡಿದಳು ಅನ್ನೋದನ್ನ ಅಕ್ಕನ ಮುಖದ ಮೇಲೆ ನೋಡುವವರು ತಾವೇ ಓದಿಕೊಳ್ಳುತ್ತಾರೆ.

ಇದು ಸುಮ್ನೆ ಹೇಳೋ ಮಾತಲ್ಲ. ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಭಾವವಿಲ್ಲದ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿದರು. ನೋಡಿದವರಿಗೆ ಅದೇ ಮುಖದಲ್ಲಿ ಒಮ್ಮೆ ಹಸಿವು, ಒಮ್ಮೆ ದುಃಖ ಕಂಡಿತು ಅಂತ ಹೇಳುತ್ತಾರೆ. ಎಡಿಟಿಂಗ್ ಕಲಿಯುವವರಿಗೆಲ್ಲ ಮೊದಲ ಪಾಠ ಇದೇ. ನಿನ್ನ ಅಕ್ಕ ತಲೆ ಎತ್ತುವ ಶಾಟ್ ಬೇರೆ ಸೀನಿನದು ಅಂತ ನಿನಗೆ ಮಾತ್ರ ಗೊತ್ತು.

ಅಷ್ಟೂ ಸಾಲಲ್ಲ ಅನ್ನಿಸಿದರೆ ಒಂದೇ ಒಂದು ಶಾಟ್ ಹೊಸದಾಗಿ ತೆಗಿ. ಚಿಲಕದ ಮೇಲೆ ಕೈ, ತೀರಾ ಹತ್ತಿರದಿಂದ. ಕೈ ಯಾರದಾದರೂ ಆಗಲಿ, ತೋಳು ಮಾತ್ರ ತಂಗಿಯ ಬಟ್ಟೆಯದೇ ಇರಬೇಕು. ಬಳೆ ಹಾಕಿದ್ದಳಾ, ಉಗುರಿಗೆ ಬಣ್ಣ ಇತ್ತಾ, ಹಳೇ ಶಾಟ್ ನಿಲ್ಲಿಸಿ ನೋಡಿಕೋ.

ಬೆಳಕಿನಬೀಜ

ಆ ಚಿಲಕದ ಶಾಟಿಗೆ ನನ್ನದೊಂದು ಮಾತು. ಬಟ್ಟೆ, ಬಳೆ ಎಲ್ಲ ಹೊಂದಿಸಿ ಬೆಳಕು ಹೊಂದಿಸದಿದ್ದರೆ ಬೇರೆ ಬಣ್ಣದ ತೇಪೆ ಹಾಕಿದ ಹಾಗೆ ಎದ್ದು ಕಾಣುತ್ತೆ. ಹಳೇ ಶಾಟಿನಲ್ಲಿ ಕಿಟಕಿ ಯಾವ ಕಡೆ ಇದೆ? ನೆರಳು ಬಾಗಿಲಿನ ಮೇಲೆ ಎಡಕ್ಕೆ ಬಿದ್ದಿದೆಯಾ, ಬಲಕ್ಕಾ? ಅದೇ ಹೊತ್ತಿಗೆ ಹೋಗಿ ತೆಗೆಯಿರಿ. ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಬಣ್ಣದ ಹೊಂದಿಕೆ) ಆಟೋದಲ್ಲಿ ಬಿಡಬೇಡಿ. ಹಳೇ ಫ್ರೇಮಿನ ಸ್ಕ್ರೀನ್‌ಶಾಟ್ ಫೋನಿನಲ್ಲಿ ಇಟ್ಟುಕೊಂಡು, ಕ್ಯಾಮೆರಾ ಪಕ್ಕ ಹಿಡಿದು ಹೋಲಿಸಿ. ಹೀಗೆ ಒಂದೇ ವಿವರ ತೋರಿಸುವ ಇನ್ಸರ್ಟ್ ಶಾಟಿನ ಲಾಭ ಏನಂದರೆ ಫ್ರೇಮಿನಲ್ಲಿ ಬಾಗಿಲಿನ ಒಂದು ಗೇಣು ಮಾತ್ರ ಇರುತ್ತೆ. ಅಷ್ಟಕ್ಕೆ ಬೆಳಕು ಹೊಂದಿಸೋದು ಕಷ್ಟ ಅಲ್ಲ.

ಟ್ಯೂಬ್‌ಲೈಟ್ ಕೆಳಗೆ ತೆಗೆಯೋದಾದರೆ ಶಟರ್ ನೋಡಿಕೊಳ್ಳಿ. ಕರೆಂಟ್ 50 ಹರ್ಟ್ಸ್ ಇರುವ ಕಡೆ ಹಳೇ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ವೇಗ ಸೆಕೆಂಡಿನ 1/50 ಅಥವಾ 1/100 ಇಟ್ಟರೆ ಪಟ್ಟೆ ಓಡೋದು ಕಾಣಲ್ಲ. 60 ಹರ್ಟ್ಸ್ ಇರುವ ಕಡೆ 1/60 ಅಥವಾ 1/120.

ಹಳೇಸ್ಟಾಕ್

ಬಾಗಿಲು, ಕೂದಲು ಎರಡೂ ಬಂದವಲ್ಲ, ಇದನ್ನ ಹೇಳದೆ ಇರೋಕೆ ಆಗಲ್ಲ. ಅಮೆರಿಕದ ನಿರ್ದೇಶಕ ಡೇವಿಡ್ ಲಿಂಚ್ ವಿದ್ಯಾರ್ಥಿಯಾಗಿದ್ದಾಗ ಶುರು ಮಾಡಿದ್ದು 'ಇರೇಸರ್‌ಹೆಡ್'. 1972ರಲ್ಲಿ ಶೂಟಿಂಗ್ ಶುರುವಾಗಿ, ದುಡ್ಡು ಮುಗಿದು ಮತ್ತೆ ಮತ್ತೆ ನಿಂತು, 1977ರಲ್ಲಿ ತೆರೆಗೆ ಬಂತು. ಅದರಲ್ಲಿ ನಾಯಕ ಒಂದು ಬಾಗಿಲ ಹಿಡಿ ತಿರುಗಿಸುತ್ತಾನೆ. ಬಾಗಿಲಿನ ಆ ಕಡೆಗೆ ಅವನು ಬರುವ ಶಾಟ್ ತೆಗೆದದ್ದು ಒಂದು ವರ್ಷಕ್ಕೂ ಹೆಚ್ಚು ಕಾಲ ಆದ ಮೇಲೆ. ನಟ ಜ್ಯಾಕ್ ನ್ಯಾನ್ಸ್ ಅಷ್ಟೂ ದಿನ ಆ ವಿಚಿತ್ರ ಕೂದಲನ್ನ ಹಾಗೇ ಇಟ್ಟುಕೊಂಡಿದ್ದರು.

ನೇರಮಾತು

ಆ ಹುಡುಗಿಗೆ ಮಾತ್ರ ಯಾರೂ ಕೂದಲು ಕತ್ತರಿಸಬೇಡ ಅಂತ ಹೇಳಿರಲಿಲ್ಲ ಅನ್ನಿ 😄

ಸರಿ, ಬಾಗಿಲು ಬದುಕುತ್ತೆ. ಒಪ್ಪಿಕೊಂಡೆ.

ಮೈಕ್‌ಮಾಮ

ತಡವಾಗಿ ಬಂದೆ. ನನಗೆ ಕೊನೆಯ ಕರೆ ಬಗ್ಗೆ ಹೇಳೋಕಿದೆ. ಸದ್ದು ಕೆಟ್ಟಿದೆ ಅಂತ ಬಿಟ್ಟ ಚಿತ್ರಗಳೇ ಜಾಸ್ತಿ. ನೋಡುವವರು ಮಸುಕಾದ ಚಿತ್ರ ಸಹಿಸುತ್ತಾರೆ, ಕೇಳಿಸದ ಮಾತನ್ನ ಸಹಿಸಲ್ಲ. ಆದರೆ ಈ ಚಿತ್ರ ಉಳಿಸೋದು ಇರೋದ್ರಲ್ಲೇ ಸುಲಭ. ಯಾಕೆ ಅಂದರೆ ಒಬ್ಬನೇ ನಟ. ಇನ್ನೊಂದು ಕಡೆಯ ದನಿ ಫೋನಿನಿಂದ ಬರಬೇಕಾದ್ದು.

ಮೊದಲು ಫ್ಯಾನ್. ಆಡಾಸಿಟಿ ಅನ್ನೋ ಸದ್ದಿನ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತೆ. ನಟ ಮಾತಾಡದೆ ಇರುವ, ಬರೀ ಗುಂಯ್ ಇರುವ ಒಂದೆರಡು ಸೆಕೆಂಡ್ ಆರಿಸಿ ನಾಯ್ಸ್ ಪ್ರೊಫೈಲ್ (ತೆಗೆಯಬೇಕಾದ ಸದ್ದಿನ ಮಾದರಿ) ತಗೊಳ್ಳಿ. ಆಮೇಲೆ ಪೂರ್ತಿ ಟ್ರ್ಯಾಕಿಗೆ ನಾಯ್ಸ್ ರಿಡಕ್ಷನ್ ಹಾಕಿ. ಹದವಾಗಿ ಹಾಕಿ. ಜಾಸ್ತಿ ಎಳೆದರೆ ನಟ ನೀರಿನೊಳಗಿಂದ ಮಾತಾಡಿದ ಹಾಗೆ ಆಗುತ್ತೆ, ಅದಕ್ಕಿಂತ ಫ್ಯಾನೇ ವಾಸಿ. ಕೆಳಗಿನ ಗುಡುಗುಡು ಹೋಗಲು 80 ಹರ್ಟ್ಸ್ ಹತ್ತಿರ ಹೈ ಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಸದ್ದು ತಡೆಯುವುದು) ಇಡಿ, ಮಾತಿಗೆ ಏಟಾಗಲ್ಲ.

ಅದರಿಂದಲೂ ಸರಿ ಹೋಗದಿದ್ದರೆ ಡಬ್ ಮಾಡಿ. ಸ್ಟುಡಿಯೋ ಬೇಡ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಮುಂದೆ ನಟನನ್ನ ನಿಲ್ಲಿಸಿ, ಹಿಂದೆ ದಪ್ಪ ಕಂಬಳಿ ಕಟ್ಟಿ. ಒಂದೊಂದೇ ಸಾಲು ಕಿವಿಗೆ ಕೇಳಿಸಿ, ಅದೇ ಲಯದಲ್ಲಿ ಹೇಳಿಸಿ. ತುಟಿ ಹೊಂದದ ಕಡೆ ನಟನ ಬೆನ್ನು, ಕೈ, ಫೋನಿನ ತಂತಿ, ಏನಿದೆಯೋ ಅದನ್ನ ತೋರಿಸಿ.

ಆ ಕಡೆಯ ದನಿಗೆ 300ರಿಂದ 3400 ಹರ್ಟ್ಸ್ ಬಿಟ್ಟು ಉಳಿದದ್ದೆಲ್ಲ ಕತ್ತರಿಸಿ. ಹಳೇ ಟೆಲಿಫೋನ್ ಲೈನ್ ಹೆಚ್ಚುಕಡಿಮೆ ಅಷ್ಟೇ ಸದ್ದು ಒಯ್ಯುತ್ತಿತ್ತು. ಕಿವಿಗೆ ತಕ್ಷಣ ಫೋನ್ ಅನ್ನಿಸುತ್ತೆ.

ಕೊನೆಯದು, ಎಲ್ಲರೂ ಮರೆಯೋದು. ಡಬ್ ಮಾಡಿದ ಮಾತಿನ ಹಿಂದೆ ಏನೂ ಇಲ್ಲದಿದ್ದರೆ ಸತ್ತ ಹಾಗಿರುತ್ತೆ. ಅದೇ ಕೋಣೆಗೆ ಹೋಗಿ, ಫ್ಯಾನ್ ನಿಲ್ಲಿಸಿ, ಎಲ್ಲರೂ ಬಾಯಿ ಮುಚ್ಚಿಕೊಂಡು ಒಂದು ನಿಮಿಷ ಸುಮ್ನೆ ರೆಕಾರ್ಡ್ ಮಾಡಿ. ರೂಮ್ ಟೋನ್ ಅಂತೀವಲ್ಲ, ಅದು. ಮಾತಿನ ಕೆಳಗೆ ಉದ್ದಕ್ಕೂ ಹಾಸಿ.

ಅರೆಬರೆರೀಲು

ಮಾಮ, ಫ್ಯಾನ್ ಚಿತ್ರದಲ್ಲೇ ತಿರುಗೋದು ಕಾಣುತ್ತೆ. ಸದ್ದು ಪೂರ್ತಿ ತೆಗೆದರೆ ಸುಳ್ಳು ಅನ್ನಿಸಲ್ವಾ?

ಮೈಕ್‌ಮಾಮ

ಒಳ್ಳೇ ಪ್ರಶ್ನೆ. ಹಾಗಾದರೆ ಫ್ಯಾನ್ ಹಾಕಿಯೇ ಇನ್ನೊಂದು ನಿಮಿಷ ಬೇರೆ ರೆಕಾರ್ಡ್ ಮಾಡಿ. ಅದನ್ನ ತೀರಾ ಕೆಳಗಿನ ಮಟ್ಟದಲ್ಲಿ ಇಡಿ. ನೋಡುವವನಿಗೆ ಫ್ಯಾನ್ ಕಂಡಿತು, ಮೆಲ್ಲಗೆ ಕೇಳಿಸಿತು, ಮುಗೀತು. ಆಗ ಕಟ್ಟಿನಿಂದ ಕಟ್ಟಿಗೆ ಗುಂಯ್ ಹಾರೋದೂ ನಿಲ್ಲುತ್ತೆ. ನಿಮ್ಮ ಟ್ರ್ಯಾಕಿನಲ್ಲಿ ನಿಜವಾದ ತೊಂದರೆ ಅದೇ ಇರಬಹುದು. ಗುಂಯ್ ಇರೋದಕ್ಕಿಂತ ಅದು ಒಂದೊಂದು ಶಾಟಿಗೆ ಒಂದೊಂದು ಥರ ಇರೋದು ಕಿವಿ ಕೆರೆಯುತ್ತೆ.

ಒಂಟಿಶಾಟ್

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮೆ ಇರಲಿ. ನನ್ನದೂ ಒಂದು ಅರ್ಧಕ್ಕೆ ನಿಂತಿದೆ, ಕಾರಣ ಬೇರೆ. ಶೂಟ್ ನಡುವೆ ಕ್ಯಾಮೆರಾ ಬ್ಯಾಟರಿ ಸತ್ತಿತು. ಆ ಎಂಪಿ4 ಫೈಲ್ ಕಾರ್ಡಿನಲ್ಲಿದೆ, ಗಾತ್ರವೂ ದೊಡ್ಡದಾಗಿಯೇ ತೋರಿಸುತ್ತೆ, ಆದರೆ ಯಾವ ಪ್ಲೇಯರಿನಲ್ಲೂ ತೆರೆಯಲ್ಲ. ಹೋದಂಗೇನಾ?

ಬೆಳಕಿನಬೀಜ

ಹೋಗಿಲ್ಲದಿರಬಹುದು. ಮೊದಲ ಕೆಲಸ, ಆ ಕಾರ್ಡಿಗೆ ಇನ್ನೇನನ್ನೂ ಬರೆಯಬೇಡಿ. ಕ್ಯಾಮೆರಾದಿಂದ ತೆಗೆದು ಪಕ್ಕಕ್ಕಿಡಿ, ಫೈಲನ್ನ ಕಂಪ್ಯೂಟರಿಗೆ ಕಾಪಿ ಮಾಡಿಕೊಂಡು ಕಾಪಿಯ ಮೇಲೆ ಕೆಲಸ ಮಾಡಿ.

ಎಂಪಿ4 ಫೈಲಿನಲ್ಲಿ ಚಿತ್ರ, ಸದ್ದು ಒಂದು ಕಡೆ ಇರುತ್ತೆ. ಯಾವ ಫ್ರೇಮ್ ಎಲ್ಲಿದೆ ಅನ್ನೋ ಪಟ್ಟಿ ಇನ್ನೊಂದು ಕಡೆ. ಆ ಪಟ್ಟಿಗೆ ಮೂವ್ ಆಟಮ್ ಅಂತಾರೆ. ಸಾಮಾನ್ಯವಾಗಿ ಕ್ಯಾಮೆರಾ ಅದನ್ನ ಬರೆಯೋದು ನೀವು ಸ್ಟಾಪ್ ಒತ್ತಿದ ಮೇಲೆ. ಬ್ಯಾಟರಿ ಮೊದಲೇ ಸತ್ತರೆ ಪಟ್ಟಿ ಇಲ್ಲ, ಪ್ಲೇಯರಿಗೆ ದಾರಿ ಗೊತ್ತಾಗಲ್ಲ. ಅನ್‌ಟ್ರಂಕ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗಿನಲ್ಲಿ ತೆಗೆದ ಇನ್ನೊಂದು ಸರಿಯಾದ ಫೈಲನ್ನ ಮಾದರಿಯಾಗಿ ಕೊಟ್ಟರೆ, ಅದನ್ನ ನೋಡಿಕೊಂಡು ಕೆಟ್ಟ ಫೈಲಿಗೆ ಪಟ್ಟಿ ಕಟ್ಟಿಕೊಡಲು ನೋಡುತ್ತೆ. ಪ್ರತಿ ಸಲ ಆಗಲ್ಲ. ಪ್ರಯತ್ನಿಸಿ.

ಒಂಟಿಶಾಟ್

ಅನ್‌ಟ್ರಂಕ್ ಹಾಕಿದೆ. ಚಿತ್ರ ಬಂತು! ಕೊನೆಯ ಒಂದಷ್ಟು ಸೆಕೆಂಡ್ ಹಸಿರು ಚೌಕಗಳು. ಅದಿಲ್ಲದೆ ನಡೆಯುತ್ತೆ. ತುಂಬಾ ಥ್ಯಾಂಕ್ಸ್ ಸರ್.

ಬೆಳಕಿನಬೀಜ

ಸಂತೋಷ. ಈಗಲೇ ಇನ್ನೆರಡು ಕಡೆ ಕಾಪಿ ಮಾಡಿ. ಒಂದು ಕಾಪಿ ಮನೆಯ ಹೊರಗೆ ಎಲ್ಲಾದರೂ ಇರಲಿ.

@ಅರೆಬರೆರೀಲು, ನಿಮ್ಮ ಚೇಸ್ ಸೀನಿಗೆ ಬರುತ್ತೇನೆ. ಫೋನುಗಳು ಸಾಮಾನ್ಯವಾಗಿ ಒಂದೇ ಸಮ ಫ್ರೇಮ್ ರೇಟಿನಲ್ಲಿ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋ ಲೆಕ್ಕ) ರೆಕಾರ್ಡ್ ಮಾಡಲ್ಲ. ಸೆಕೆಂಡಿಗೆ 30 ಅಂತ ತೋರಿಸಿದರೂ ಒಳಗೆ ಮೇಲೆ ಕೆಳಗೆ ಆಗುತ್ತಿರುತ್ತೆ. ಎಡಿಟಿಂಗ್ ಸಾಫ್ಟ್‌ವೇರಿಗೆ ಹಾಕಿದಾಗ ಮಾತು ಸ್ವಲ್ಪ ಸ್ವಲ್ಪವೇ ಜಾರಿ ತುಟಿ ತಪ್ಪೋದು ಇದರಿಂದಲೇ. ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಪರಿವರ್ತಿಸುವ ಸಾಫ್ಟ್‌ವೇರಿನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ ಫೋನ್ ಕ್ಲಿಪ್‌ಗಳನ್ನೆಲ್ಲ ಮೊದಲು ಪರಿವರ್ತಿಸಿ, ಆಮೇಲೆ ಎಡಿಟ್. ಮೂಲ ಫೈಲ್ ಅಳಿಸಬೇಡಿ.

ಜರ್ಕಿಗೆ ಕಾರಣ ಬೇರೆ ಇರಬಹುದು. ಕ್ಯಾಮೆರಾ 25, ಫೋನ್ 30 ಇದ್ದು ಟೈಮ್‌ಲೈನ್ 25 ಇದ್ದರೆ, ಫೋನ್ ಕ್ಲಿಪ್ಪಿನಲ್ಲಿ ಪ್ರತಿ ಆರು ಫ್ರೇಮಿಗೆ ಒಂದು ಬಿದ್ದುಹೋಗುತ್ತೆ. ಓಟದ ಶಾಟಿನಲ್ಲಿ ಅದು ಕಣ್ಣಿಗೆ ಹೊಡೆಯುತ್ತೆ. ಜಾಸ್ತಿ ಫುಟೇಜ್ ಯಾವುದರಲ್ಲಿದೆಯೋ ಟೈಮ್‌ಲೈನ್ ಅದೇ ಇರಲಿ. ಎಡಿಟ್ ಮಾಡಲು ರಿಸಾಲ್ವ್ ಸಾಫ್ಟ್‌ವೇರ್ ಬಳಸುತ್ತಿದ್ದರೆ ಇದನ್ನ ಕ್ಲಿಪ್ ಹಾಕುವ ಮುಂಚೆಯೇ ನಿಗದಿ ಮಾಡಿ.

ಅರೆಬರೆರೀಲು

ಜಾಸ್ತಿ ಇರೋದು ಫೋನಿನದೇ. ಹಾಗಾದರೆ 30 ಇಡುತ್ತೇನೆ. ಇನ್ನೊಂದು ತೊಂದರೆ ಇದೆ ಸರ್. ಓಡುವವನು ಒಂದು ಶಾಟಿನಲ್ಲಿ ಎಡದಿಂದ ಬಲಕ್ಕೆ, ಮುಂದಿನದರಲ್ಲಿ ಬಲದಿಂದ ಎಡಕ್ಕೆ. ನೋಡಿದವರು "ವಾಪಸ್ ಯಾಕೆ ಓಡ್ತಾನೆ?" ಅಂತ ಕೇಳಿದರು.

ಕತ್ತರಿಅಕ್ಕ

180 ಡಿಗ್ರಿ ಗೆರೆ ದಾಟಿದ್ದೀಯ, ಅಂದರೆ ಅವನು ಓಡುವ ದಾರಿಯ ಆಚೆ ಬದಿಗೆ ಕ್ಯಾಮೆರಾ ಒಯ್ದಿದ್ದೀಯ. ಎರಡರ ನಡುವೆ ಅವನು ನೇರ ಕ್ಯಾಮೆರಾ ಕಡೆಗೇ ಓಡಿ ಬರುವ ಶಾಟ್ ಇದ್ದರೆ ತುರುಕು, ದಿಕ್ಕು ಬದಲಾದದ್ದು ಗೊತ್ತಾಗಲ್ಲ. ಇಲ್ಲದಿದ್ದರೆ ಶಾಟನ್ನ ಕನ್ನಡಿಯ ಹಾಗೆ ತಿರುಗಿಸು. ಹಿಂದೆ ಬೋರ್ಡು, ಅಂಗಿಯ ಮೇಲೆ ಅಕ್ಷರ, ವಾಹನದ ನಂಬರ್ ಪ್ಲೇಟ್ ಇದೆಯಾ ನೋಡಿಕೋ, ಅಷ್ಟೇ.

ಆದರೆ ನಿಜ ಹೇಳಲಾ? ಈ ಚೇಸ್ ಯಾವ ಕಥೆಗೂ ಸೇರಿಲ್ಲ. ಯಾಕೆ ಓಡುತ್ತಾನೆ ಅಂತ ನಿನಗೂ ಗೊತ್ತಿಲ್ಲ. ಇದನ್ನ ಚಿತ್ರ ಅಂತ ಮುಗಿಸಲು ಹೋಗಬೇಡ. ಒಂದು ನಿಮಿಷದ ಎಡಿಟಿಂಗ್ ಅಭ್ಯಾಸ ಅಂತ ಮಾಡಿ ಫೋಲ್ಡರ್ ಮುಚ್ಚು.

ನೇರಮಾತು

ರಾತ್ರಿ ಪಾಳಿ ಬಗ್ಗೆ ಯಾರೂ ಮಾತೇ ಎತ್ತುತ್ತಿಲ್ಲ. ನನ್ನ ಪ್ರಕಾರ ಮೊದಲು ಮುಗಿಸಬೇಕಾದ್ದು ಅದೊಂದೇ.

ನಟರು ಗೆಳೆಯರು. ಅವರಿಗೆ ಒಂದು "ಸಾರಿ" ಸಾಕು. ಆ ವಾಚ್‌ಮನ್ ಗೆಳೆಯ ಅಲ್ಲ. ನಿದ್ದೆಗೆಟ್ಟು ಕೆಲಸ ಮಾಡುವವರು ತಮ್ಮ ಹೊತ್ತು ಕೊಟ್ಟು, ತಮ್ಮ ಬದುಕಿನ ಮಾತು ನಿಮ್ಮ ಕ್ಯಾಮೆರಾಗೆ ಹೇಳಿದ್ದಾರೆ. ಅದು ಡಿಸ್ಕಿನಲ್ಲಿ ಕೊಳೆಯೋದು ಸರಿಯಲ್ಲ. ಮೊದಲ ದಿನ "ಎಲ್ಲ ಬಿಡಿ" ಅಂದೆನಲ್ಲ, ಇದನ್ನ ಬಿಟ್ಟು ಅಂತ ತಿದ್ದಿಕೊಳ್ಳುತ್ತೇನೆ.

ಕತ್ತರಿಅಕ್ಕ

ಮಾತು ಒಪ್ಪಿದೆ, ಕ್ರಮ ಒಪ್ಪಲ್ಲ. ಒಂದನ್ನೂ ಮುಗಿಸದವನ ಕೈಗೆ ಗಂಟೆಗಟ್ಟಲೆ ಇಂಟರ್ವ್ಯೂ ಕೊಟ್ಟರೆ ಅದು ಮತ್ತೆ ನಿಲ್ಲುತ್ತೆ. ಡಾಕ್ಯುಮೆಂಟರಿಯಲ್ಲಿ ಸ್ಕ್ರಿಪ್ಟ್ ಇರಲ್ಲ, ಎಡಿಟ್ ಮಾಡುತ್ತಲೇ ಬರೆಯಬೇಕು. ಅದಕ್ಕೆ ಮೊದಲು ಕೊನೆಯ ಕರೆ ಮುಗಿಸಲಿ. ಚಿಕ್ಕದು, ಒಬ್ಬನೇ ನಟ, ಬರೀ ಸದ್ದಿನ ಕೆಲಸ. ಎಕ್ಸ್‌ಪೋರ್ಟ್ ಒತ್ತಿ ಒಂದು ಫೈಲ್ ಹೊರಗೆ ಬರೋದನ್ನ ಒಮ್ಮೆ ನೋಡಲಿ.

ನೇರಮಾತು

ಚಿಕ್ಕದು ಮೊದಲು ಅಂತ ಕೂತರೆ ಅದರ ಹಿಂದೆ ಇನ್ನೊಂದು ಚಿಕ್ಕದು ಬರುತ್ತೆ. ಅಷ್ಟರಲ್ಲಿ ವಾಚ್‌ಮನ್ ಕೆಲಸ ಬಿಟ್ಟು ಹೋಗಿರುತ್ತಾರೆ.

ಮೈಕ್‌ಮಾಮ

ಇಬ್ಬರ ಜಗಳಕ್ಕೂ ಒಂದು ದಾರಿ ಇದೆ. ಎಡಿಟ್ ಆಮೇಲೆ ಮಾಡಲಿ. ಆದರೆ ಇಂಟರ್ವ್ಯೂ ಅಕ್ಷರಕ್ಕೆ ಇಳಿಸೋದನ್ನ ಈಗಲೇ ಶುರು ಮಾಡಬಹುದು. ದಿನಕ್ಕೆ ಸ್ವಲ್ಪ ಸ್ವಲ್ಪ. ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾ, ಟೈಮ್‌ಕೋಡ್ ಜೊತೆಗೆ ಬರೀತಾ ಹೋಗು. ಪದಕ್ಕೆ ಪದ ಬೇಡ, ಏನು ಹೇಳಿದರು ಅನ್ನೋದು ಸಾಕು. ಒಳ್ಳೇ ಮಾತು ಬಂದಲ್ಲಿ ಮಾತ್ರ ಅವರದೇ ಪದ. ಆಮೇಲೆ ಪ್ರಿಂಟ್ ತೆಗೆದು, ಬೇಕಾದ ಸಾಲು ಕತ್ತರಿಸಿ ನೆಲದ ಮೇಲೆ ಹರಡಿ ಜೋಡಿಸು. ಹಳೇ ಕಾಲದ ಪೇಪರ್ ಎಡಿಟ್. ಸ್ಕ್ರೀನ್ ಮುಂದೆ ನಿದ್ದೆ ಬರುವವರಿಗೆ ಇದೇ ಮದ್ದು.

ಒಂದು ಮುಖ್ಯ ಪ್ರಶ್ನೆ. ಅವರಿಂದ ಒಪ್ಪಿಗೆ ಬರೆಸಿಕೊಂಡಿದ್ದೀಯಾ?

ಅರೆಬರೆರೀಲು

ಬಾಯಿಮಾತಲ್ಲಿ ಒಪ್ಪಿದ್ದರು. ಕಾಗದ ಇಲ್ಲ. ಹಾಗೇ ಅವರು ತಮ್ಮ ಹಳೇ ಮಾಲೀಕರ ಬಗ್ಗೆ ಸ್ವಲ್ಪ ಕಟುವಾಗಿ ಮಾತಾಡಿದ್ದಾರೆ, ಹೆಸರು ಹೇಳಿ.

ನೇರಮಾತು

ನೋಡಿದಿರಾ! ಹೋಗಿ ಭೇಟಿ ಮಾಡಿ. ಆ ಭಾಗ ಅವರ ಎದುರಿಗೇ ತೋರಿಸಿ, "ಇದನ್ನ ಇಡಬಹುದಾ?" ಅಂತ ಕೇಳಿ. ಬೇಡ ಅಂದರೆ ಬೇಡ. ಮಾತಾಡುವಾಗ ಕ್ಯಾಮೆರಾ ಇದೆ ಅನ್ನೋದೇ ಮರೆತಿರುತ್ತಾರೆ ಎಷ್ಟೋ ಸಲ. ನಾಳೆ ಅವರ ಈಗಿನ ಕೆಲಸಕ್ಕೆ ಕುತ್ತು ಬಂದರೆ ನಿಮ್ಮ ಚಿತ್ರ ಎಷ್ಟು ಚೆನ್ನಾಗಿದ್ದು ಏನು ಪ್ರಯೋಜನ?

ಕತ್ತರಿಅಕ್ಕ

ಇದಕ್ಕೆ ನನ್ನ ಪೂರ್ತಿ ಓಟು. ಹೋದಾಗ ಕ್ಯಾಮೆರಾ ಒಯ್ಯಿ. ಅವರ ಕೈ, ಟಾರ್ಚು, ಕುರ್ಚಿ, ಬೀಗದ ಗೊಂಚಲು, ಗೇಟು ಎಳೆಯೋದು, ಹೊತ್ತು ಕಳೆಯಲು ಏನು ಮಾಡ್ತಾರೋ ಅದು. ಮಾತು ಕತ್ತರಿಸಿದಲ್ಲೆಲ್ಲ ಮುಚ್ಚಲು ಇವು ಬೇಕೇ ಬೇಕು. ಪ್ರತಿ ಶಾಟ್ ಹತ್ತು ಸೆಕೆಂಡ್ ಅಲುಗಾಡದೆ ಹಿಡಿ. ಮೂರು ಸೆಕೆಂಡಿಗೆ ನಿಲ್ಲಿಸುವ ಅಭ್ಯಾಸ ನಿನಗಿದೆ ಅಂತ ಊಹೆ, ವಯಸ್ಸು ಹಾಗೆ.

ಅರೆಬರೆರೀಲು

ಅಕ್ಕ, ಊಹೆ ಸರಿ.

ವಾಚ್‌ಮನ್ ಸರ್ ಹತ್ತಿರ ಹೋಗಿ ಬಂದೆ. ಮಾಲೀಕರ ಹೆಸರು ತೆಗೆದುಬಿಡು ಅಂದರು, ಆದರೆ ಆ ಘಟನೆ ಇರಲಿ ಅಂದರು. ಕಾಗದಕ್ಕೆ ಸಹಿ ಹಾಕಿದರು. "ಇನ್ನೂ ಮಾಡ್ತಿದ್ದೀಯಾ ಇದನ್ನ? ಮರೆತೇ ಹೋಗಿರ್ತೀಯ ಅಂದುಕೊಂಡಿದ್ದೆ" ಅಂತ ನಕ್ಕರು. ಅಕ್ಷರಕ್ಕೆ ಇಳಿಸೋದು ನಡೀತಿದೆ.

ಕೊನೆಯ ಕರೆ ಸದ್ದು ಮುಗಿಯಿತು. ಆ ಕಡೆಯ ದನಿ ನಮ್ಮ ಚಿಕ್ಕಮ್ಮನದು. 300–3400 ಹಾಕಿದ ಕೂಡಲೇ ಮೈ ಝುಂ ಅಂತು ಮಾಮ! ಹಿನ್ನೆಲೆಗೆ ಒಂದು ಪಿಯಾನೋ ಟ್ಯೂನ್ ಹಾಕಬೇಕು ಅಂತಿದೆ. ಕ್ರಿಯೇಟಿವ್ ಕಾಮನ್ಸ್ (ಬೇರೆಯವರೂ ಬಳಸಲು ಬಿಡುವ ಲೈಸೆನ್ಸು) ಅಂತ ಬರೆದಿದೆ, ಹಾಕಬಹುದಲ್ವಾ?

ಮೈಕ್‌ಮಾಮ

ಯಾವ ಕ್ರಿಯೇಟಿವ್ ಕಾಮನ್ಸ್ ಅಂತ ನೋಡು. ಬರೀ ಬಿವೈ ಇದ್ದರೆ ಸಂಗೀತ ಮಾಡಿದವರ ಹೆಸರು, ಲೈಸೆನ್ಸು ಕೊನೆಯಲ್ಲಿ ಹಾಕಿ ಬಳಸಬಹುದು. ಸಿಸಿ0 ಇದ್ದರೆ ಅದೂ ಕಡ್ಡಾಯ ಅಲ್ಲ. ಎನ್‌ಡಿ (ಬದಲಾಯಿಸಿ ಹಂಚಬಾರದು ಅಂತ) ಇದ್ದರೆ ಮುಟ್ಟಬೇಡ. ಚಿತ್ರಕ್ಕೆ ಸಂಗೀತ ಹೊಂದಿಸೋದನ್ನೇ ಆ ಲೈಸೆನ್ಸು ಬದಲಾವಣೆ ಅಂತ ಲೆಕ್ಕ ಹಾಕುತ್ತೆ. ಎನ್‌ಸಿ ಇದ್ದರೆ ದುಡ್ಡು ಬರುವ ಕಡೆ ಹಾಕೋ ಹಾಗಿಲ್ಲ.

ನನ್ನನ್ನ ಕೇಳಿದರೆ ಪಿಯಾನೋ ಬೇಡ. ಫ್ಯಾನ್ ಇದೆ, ಉಸಿರು ಇದೆ, ಚಿಕ್ಕಮ್ಮನ ದನಿ ಇದೆ. ಸಾಕು.

ಅರೆಬರೆರೀಲು

ಪಿಯಾನೋ ತೆಗೆದೆ. ಹಾಕಿದಾಗ ಅಳಿಸಲು ಒತ್ತಾಯ ಮಾಡಿದ ಹಾಗಿತ್ತು.

ಒಂದೇ ಒಂದು ಬಾಕಿ. ಟೈಟಲ್ ಕನ್ನಡದಲ್ಲಿ ಹಾಕಿದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತಿದೆ. ಫಾಂಟ್ ಬದಲಿಸಿದರೂ ಅದೇ.

ಕತ್ತರಿಅಕ್ಕ

ಅದು ಫಾಂಟಿನ ತೊಂದರೆ ಅಲ್ಲ, ಎಡಿಟರಿನದು. ಪ್ರೀಮಿಯರ್ ಆದರೆ ಪ್ರಿಫರೆನ್ಸ್‌ನಲ್ಲಿ ಗ್ರಾಫಿಕ್ಸ್ ವಿಭಾಗಕ್ಕೆ ಹೋಗಿ ಟೆಕ್ಸ್ಟ್ ಎಂಜಿನ್ ಅನ್ನು ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್ ಮಾಡು. ಬೇರೆ ಎಡಿಟರ್ ಆಗಿ, ಅಲ್ಲಿ ದಾರಿ ಕಾಣದಿದ್ದರೆ, ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಟೈಟಲ್ ಬರೆದು ಹಿನ್ನೆಲೆ ಇಲ್ಲದ ಪಿಎನ್‌ಜಿ ಮಾಡಿ ವಿಡಿಯೋ ಮೇಲೆ ಇಡು. ಗಾತ್ರ ವಿಡಿಯೋದಷ್ಟೇ ಇರಲಿ, 1920 ಗುಣಿಸು 1080. ಆಮೇಲೆ ಹಿಗ್ಗಿಸಿದರೆ ಅಂಚು ಮಸುಕಾಗುತ್ತೆ.

ನೇರಮಾತು

ಪಿಎನ್‌ಜಿ ಮಾಡುವ ಮುಂಚೆ ಕಾಗುಣಿತ ಇನ್ನೊಬ್ಬರಿಗೆ ತೋರಿಸಿ. ಚಿತ್ರ ಆದ ಮೇಲೆ ತಿದ್ದೋಕೆ ಆಗಲ್ಲ, ಮತ್ತೆ ಮೊದಲಿಂದ. ಚಿಕ್ಕಮ್ಮನ ಹೆಸರು ಹಾಕಿದ್ದೀರಿ ತಾನೇ?

ಅರೆಬರೆರೀಲು

ಹಾಕಿದ್ದೇನೆ ಸರ್, ನಟನ ಹೆಸರಿನ ಕೆಳಗೇ. ಎಕ್ಸ್‌ಪೋರ್ಟ್‌ಗೆ ಇಟ್ಟಿದ್ದೇನೆ. ನಮ್ಮ ಹಳೇ ಲ್ಯಾಪ್‌ಟಾಪ್, ರಾತ್ರಿ ಪೂರ್ತಿ ಓಡಬೇಕಾಗಬಹುದು. ಲಿಂಕ್ ನಾಳೆ ಹಾಕುತ್ತೇನೆ.